ಡೌಟ್ ಬೇರೆ, ಸಸ್ಪೆಕ್ಟ್ ಬೇರೆ: ನಮ್ಮ ‘ಅನುಮಾನ’ ಯಾವ ಕಡೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ನನ್ನ ಮ್ಯಾನೇಜರ್ ಬೇರೆ ದೇಶದವರು, ಅವರ ಜೊತೆ ವ್ಯವಹಾರವೆಲ್ಲ ಇಂಗ್ಲಿಷ್ ಮೇಲ್‌ನಲ್ಲೇ. ಹೋದ ವಾರ ತಿಂಗಳ ಲೆಕ್ಕ ಮುಗಿಸಿದ ಮೇಲೂ ಒಂದು ಎಂಟ್ರಿಯನ್ನು ಯಾರೋ ತಿದ್ದಿದ ಹಾಗೆ ಕಂಡಿತು. ‘ಐ ಡೌಟ್ ದಟ್ ದಿಸ್ ಎಂಟ್ರಿ ವಾಸ್ ಚೇಂಜ್ಡ್ ಆಫ್ಟರ್ ಕ್ಲೋಸಿಂಗ್’ ಎಂದು ಮೇಲ್ ಬರೆದೆ. ಅವರು ‘ಗುಡ್ ಟು ನೋ, ಥ್ಯಾಂಕ್ಸ್’ ಎಂದು ಉತ್ತರಿಸಿ ಸುಮ್ಮನಾದರು. ಯಾಕೆ ಏನೂ ಮಾಡಲಿಲ್ಲ ಅಂತ ತಿಳಿಯಲಿಲ್ಲ. ನಿನ್ನೆ ನನ್ನ ಸಹೋದ್ಯೋಗಿ ಆ ಮೇಲ್ ನೋಡಿ, ‘ಎಂಟ್ರಿ ಬದಲಾಗಿಲ್ಲ ಅಂತ ನೀನೇ ಬರೆದಿದ್ದೀಯಲ್ಲ’ ಅಂದರು. ನನಗೆ ಕೈಕಾಲು ತಣ್ಣಗಾಯಿತು. ನಿಘಂಟಿನಲ್ಲಿ ಡೌಟ್ ಅಂದರೆ ಅನುಮಾನ, ಸಂಶಯ, ಸಂದೇಹ ಎಂದೇ ಇದೆ. ಸಸ್ಪೆಕ್ಟ್ ಎಂಬ ಪದಕ್ಕೂ ಹೆಚ್ಚುಕಡಿಮೆ ಅವೇ ಅರ್ಥ ಕೊಟ್ಟಿದ್ದಾರೆ. ಹಾಗಾದರೆ ನಾನು ಬರೆದದ್ದರಲ್ಲಿ ತಪ್ಪೇನು? ‘ಐ ಹ್ಯಾವ್ ಎ ಡೌಟ್’ ಅನ್ನುವುದೂ ತಪ್ಪಂತೆ, ನಿಜವಾ? ‘ನೋ ಡೌಟ್’ ಅಂದರೆ ಖಂಡಿತ ಎಂದೇ ಅಲ್ವಾ? ಈಗ ಮ್ಯಾನೇಜರ್‌ಗೆ ಏನಂತ ಬರೆಯಲಿ? ನನಗೆ ಈ ಭಾಷೆ ಬರುವುದಿಲ್ಲ ಅಂದುಕೊಂಡರೇನೋ ಎಂಬ ಚಿಂತೆಯೂ ಇದೆ.

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಮೇಲ್ ಹೋಗಿ ಒಂದು ವಾರ ಆಗಿದೆ, ಅಷ್ಟೇ. ತಿದ್ದುವುದಕ್ಕೆ ಇನ್ನೂ ಸಮಯವಿದೆ. ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ನೀವು ಬರೆದ ಸಾಲನ್ನು ಓದಿದ ಇಂಗ್ಲಿಷ್ ಮನುಷ್ಯನಿಗೆ ‘ಈ ಎಂಟ್ರಿ ಆಮೇಲೆ ಬದಲಾಗಿರಲಿಕ್ಕಿಲ್ಲ’ ಎಂದೇ ಕೇಳಿಸುತ್ತದೆ. ಆದ್ದರಿಂದಲೇ ಅವರು ‘ಒಳ್ಳೆಯ ಸುದ್ದಿ’ ಎಂದು ಸುಮ್ಮನಾದರು. ನೀವು ಹೇಳಬೇಕಿದ್ದ ಪದ ‘ಸಸ್ಪೆಕ್ಟ್’.

ಆದರೆ ನಿಮಗೆ ಇಂಗ್ಲಿಷ್ ಬರುವುದಿಲ್ಲ ಎಂಬ ತೀರ್ಮಾನಕ್ಕೆ ಹೋಗಬೇಡಿ. ನೀವು ಬರೆದ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಈ ಪದದಲ್ಲಿ ಎಡವುವುದು ಇಂಗ್ಲಿಷ್ ಬಾರದವರಲ್ಲ. ಕನ್ನಡ ಚೆನ್ನಾಗಿ ಬಲ್ಲವರೇ ಇಲ್ಲಿ ಎಡವುತ್ತಾರೆ. ನಾನು 20 ವರ್ಷಕ್ಕೂ ಜಾಸ್ತಿ ಕಾಲದಿಂದ ಎರಡೂ ಭಾಷೆಗಳ ನಡುವೆ ಅನುವಾದ ಮಾಡುತ್ತಿದ್ದೇನೆ. ಶುರುವಿನ ದಿನಗಳಲ್ಲಿ ಒಂದು ಹೇಳಿಕೆಯನ್ನು ಇಂಗ್ಲಿಷಿಗೆ ತರುವಾಗ ‘ಅವನೇ ಬಂದು ಹೋಗಿದ್ದಾನೆ ಅಂತ ನನಗೆ ಅನುಮಾನ’ ಎಂಬ ಮಾತನ್ನು ನಾನೂ ‘ಐ ಡೌಟ್’ ಎಂದೇ ಬರೆದಿದ್ದೆ. ಹಿರಿಯರೊಬ್ಬರು ಅದನ್ನು ಕಳಿಸುವ ಮುಂಚೆ ಓದಿ ಹಿಡಿದರು. ಹೇಳಿದವರ ಮಾತು ಪೂರ್ತಿ ತಲೆಕೆಳಗಾಗಿತ್ತು. ‘ಬಂದಿದ್ದಾನೆ’ ಅಂದವರ ಬಾಯಲ್ಲಿ ‘ಬಂದಿರಲಿಕ್ಕಿಲ್ಲ’ ಅಂತ ಹೇಳಿಸಿಬಿಟ್ಟಿದ್ದೆ. ಅವತ್ತಿನಿಂದ ಈ ಒಂದು ಪದ ಕಂಡಾಗಲೆಲ್ಲ ಕೈ ನಿಲ್ಲಿಸಿ ಯೋಚಿಸುತ್ತೇನೆ.

ತೊಂದರೆ ಎಲ್ಲಿದೆ ಅಂತ ನೋಡೋಣ. ನಮ್ಮ ‘ಅನುಮಾನ’ಕ್ಕೆ ಎರಡು ಮುಖ. ಈ ಎರಡು ಮಾತು ಕೇಳಿ:

‘ಅವನು ಬರೋದು ಅನುಮಾನ.’

‘ಅವನು ಬಂದಿದ್ದಾನೆ ಅಂತ ಅನುಮಾನ.’

ಮೊದಲನೆಯದು ಕೇಳಿದರೆ ಅವನು ಬರಲಿಕ್ಕಿಲ್ಲ ಎಂದು ತಿಳಿಯುತ್ತೇವೆ. ಎರಡನೆಯದು ಕೇಳಿದರೆ ಬಂದಿರಬೇಕು ಎಂದು ತಿಳಿಯುತ್ತೇವೆ. ಪದ ಒಂದೇ, ಅರ್ಥ ಎದುರುಬದುರು. ಆದರೂ ಕನ್ನಡದವರಿಗೆ ಯಾವತ್ತೂ ಗೊಂದಲ ಆಗುವುದಿಲ್ಲ. ಯಾಕೆಂದರೆ ವ್ಯತ್ಯಾಸವನ್ನು ನಾವು ಕ್ರಿಯಾಪದದ ಬಾಲದಲ್ಲಿ ಇಟ್ಟಿದ್ದೇವೆ. ‘ಬರೋದು’, ‘ಬಂದಿರೋದು’ ಎಂದು ಇಡೀ ಮಾತನ್ನು ಒಂದು ಹೆಸರಿನ ಹಾಗೆ ಮಾಡಿ ಅದರ ಮುಂದೆ ‘ಅನುಮಾನ’ ಇಟ್ಟರೆ ನಂಬಿಕೆ ಇಲ್ಲ ಎಂದಾಯಿತು. ‘ಅಂತ’ ಅಥವಾ ‘ಎಂದು’ ಸೇರಿಸಿ ‘ಅನುಮಾನ’ ಅಂದರೆ ಹಾಗೇ ಇರಬೇಕು ಎಂದಾಯಿತು. ಮೂರನೆಯ ದಾರಿಯೂ ಒಂದಿದೆ: ‘ಬಂದಿದ್ದಾನೋ ಇಲ್ಲವೋ ಅಂತ ಅನುಮಾನ.’ ಇಲ್ಲಿ ಮನಸ್ಸು ಯಾವ ಕಡೆಗೂ ವಾಲಿಲ್ಲ. ಒಂದು ‘ಓ’ಕಾರ ಆ ಕೆಲಸವನ್ನು ಮಾಡಿಬಿಡುತ್ತದೆ. ಯಾರೂ ಕಲಿಸದೆ ನಾವು ಈ ಮೂರನ್ನೂ ಮಕ್ಕಳಾಗಿದ್ದಾಗಲೇ ಹಿಡಿದಿರುತ್ತೇವೆ. ನನಗೆ ಇದು ಕನ್ನಡದ ಬಹಳ ಚೆಂದದ ಏರ್ಪಾಡು ಅನ್ನಿಸುತ್ತದೆ.

ಇಂಗ್ಲಿಷಿನಲ್ಲಿ ಬಾಲ ಈ ಕೆಲಸ ಮಾಡುವುದಿಲ್ಲ. ‘ಐ ಡೌಟ್ ದಟ್ ಹಿ ಕೇಮ್’, ‘ಐ ಸಸ್ಪೆಕ್ಟ್ ದಟ್ ಹಿ ಕೇಮ್’. ಎರಡಕ್ಕೂ ಬಾಲ ಒಂದೇ. ಆದ್ದರಿಂದ ವ್ಯತ್ಯಾಸವೆಲ್ಲ ಪದದ ಮೇಲೆಯೇ ಬೀಳುತ್ತದೆ. ಡೌಟ್ ಅಂದರೆ ‘ಬಂದಿರೋದು ಅನುಮಾನ’. ಸಸ್ಪೆಕ್ಟ್ ಅಂದರೆ ‘ಬಂದಿದ್ದಾನೆ ಅಂತ ಅನುಮಾನ’. ನೀವು ಕನ್ನಡದಲ್ಲಿ ‘ಬದಲಾಗಿದೆ ಅಂತ ಅನುಮಾನ’ ಎಂದು ಯೋಚಿಸಿದಿರಿ. ‘ಅಂತ’ ಅಂದರೆ ದಟ್, ‘ಅನುಮಾನ’ ಅಂದರೆ ಡೌಟ್ ಎಂದು ಒಂದಕ್ಕೊಂದು ಕೂಡಿಸಿದಿರಿ. ಲೆಕ್ಕ ನಿಮ್ಮ ದೃಷ್ಟಿಯಲ್ಲಿ ಸರಿಯಾಗಿಯೇ ಇತ್ತು. ನಿಘಂಟು ಬರೀ ಪದಕ್ಕೆ ಪದ ಕೊಡುತ್ತದೆ, ಬಾಲದ ವಿಷಯ ಹೇಳುವುದಿಲ್ಲ. ಎಡವಟ್ಟಾದದ್ದು ಅಲ್ಲಿ.

ಇನ್ನೊಂದು ಕಾರಣವೂ ಇದೆ, ಅದು ನಮ್ಮ ಬಾಯಲ್ಲೇ ಇದೆ. ಡೌಟ್ ಎಂಬ ಪದವನ್ನು ನಾವು ಯಾವಾಗಲೋ ‘ಡೌಟು’ ಮಾಡಿಕೊಂಡಿದ್ದೇವೆ. ‘ಅವನು ಬರೋದು ಡೌಟು’, ‘ಅವನ ಮೇಲೆ ನಂಗೆ ಡೌಟು’, ‘ಒಂದು ಸಣ್ಣ ಡೌಟು, ಕೇಳಲಾ?’ ಈ ಮೂರನ್ನೂ ದಿನಾ ಹೇಳುತ್ತೇವೆ, ಅಲ್ವಾ? ಇಲ್ಲಿ ಡೌಟು ‘ಅನುಮಾನ’ದ ಅಂಗಿ ತೊಟ್ಟಿದೆ. ಅಪನಂಬಿಕೆ, ಗುಮಾನಿ, ಪ್ರಶ್ನೆ ಮೂರನ್ನೂ ಹೊರುತ್ತಿದೆ. ಇದರಲ್ಲಿ ಏನೂ ತಪ್ಪಿಲ್ಲ. ಕನ್ನಡಕ್ಕೆ ಬಂದ ಪದ ಕನ್ನಡದ ಹಾಗೆ ನಡೆದುಕೊಳ್ಳುತ್ತದೆ. ಆದರೆ ಅದನ್ನೇ ವಾಪಸ್ ಇಂಗ್ಲಿಷ್ ಮೇಲ್‌ಗೆ ಹಾಕುವಾಗ ಅದು ಇಲ್ಲಿ ಗಳಿಸಿದ ಅರ್ಥಗಳು ಅಲ್ಲಿ ನಡೆಯುವುದಿಲ್ಲ. ನೋಡಲು ಅದೇ ಪದ ಆದ್ದರಿಂದ ನಮಗೆ ಎಚ್ಚರವೂ ಆಗುವುದಿಲ್ಲ. ಗೊತ್ತಿಲ್ಲದ ಪದವಾಗಿದ್ದರೆ ನಿಘಂಟು ತೆಗೆಯುತ್ತಿದ್ದೆವು. ಗೊತ್ತಿದೆ ಅಂದುಕೊಂಡ ಪದಕ್ಕೆ ಯಾರು ನಿಘಂಟು ತೆಗೆಯುತ್ತಾರೆ?

ನಿಮಗೆ ಸ್ವಲ್ಪ ಧೈರ್ಯ ಬರಲಿ ಎಂದು ಇನ್ನೊಂದು ವಿಷಯ ಹೇಳುತ್ತೇನೆ. ನೀವು ಬರೆದ ಅರ್ಥದಲ್ಲಿ ಇಂಗ್ಲಿಷರೇ ಹಿಂದೆ ಡೌಟ್ ಬಳಸುತ್ತಿದ್ದರು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕ ಮೊದಲು ಅಚ್ಚಾದದ್ದು 1603ರಲ್ಲಿ. ಅದರ ಮೊದಲ ಅಂಕದಲ್ಲಿ, ಸತ್ತ ತಂದೆಯ ರೂಪ ರಾತ್ರಿ ಕಾಣಿಸಿಕೊಂಡಿದೆ ಎಂದು ಕೇಳಿದ ರಾಜಕುಮಾರ ‘ಐ ಡೌಟ್ ಸಮ್ ಫೌಲ್ ಪ್ಲೇ’ ಅನ್ನುತ್ತಾನೆ. ಅವನ ಮಾತಿನ ಅರ್ಥ ‘ಏನೋ ಮೋಸ ನಡೆದಿದೆ ಅಂತ ಅನುಮಾನ’ ಎಂದೇ. ಮೋಸ ನಡೆದಿರಲಿಕ್ಕಿಲ್ಲ ಎಂದಲ್ಲ. ಕನ್ನಡಕ್ಕೆ ಅದು ಒಂದು ಅಕ್ಷರವೂ ಅಲುಗದೆ ಬರುತ್ತದೆ! ಇಂದಿನ ಇಂಗ್ಲಿಷ್ ಓದುಗರಿಗೆ ಮಾತ್ರ ಅಲ್ಲಿ ಅಡಿಟಿಪ್ಪಣಿ ಬೇಕಾಗುತ್ತದೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಈ ಹಳೆಯ ಅರ್ಥ ಉಳಿದುಕೊಂಡಿದೆ. ಅಲ್ಲಿಯವರು ‘ಐ ಡೌಟ್ ಇಟ್ ವಿಲ್ ರೇನ್’ ಅಂದರೆ ಕೊಡೆ ತೆಗೆದುಕೊಂಡು ಹೊರಡುವುದು ಒಳ್ಳೆಯದು. ಮಳೆ ಬಂದೀತು ಎಂಬ ಅಳುಕು ಅದು.

ಯಾಕೆ ಹೀಗೆ? ಡೌಟ್ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ, ಅದರ ಹಿಂದೆ ಇರುವುದು ಲ್ಯಾಟಿನ್ನಿನ ‘ದುಬಿತಾರೆ’. ಅದರೊಳಗೆ ‘ದುವೊ’, ಅಂದರೆ ಎರಡು, ಎಂಬ ಮಾತಿದೆ. ನಾವು ಎರಡು ಮನಸ್ಸು ಅನ್ನುತ್ತೇವಲ್ಲ, ಅದೇ. ಜರ್ಮನ್ನರ ‘ತ್ಸ್ವೈಫೆಲ್’ ಎಂಬ ಪದದಲ್ಲೂ ‘ತ್ಸ್ವೈ’, ಎರಡು, ಕೂತಿದೆ. ಹಳೆಯ ಫ್ರೆಂಚಿನಲ್ಲಿ ಈ ಪದಕ್ಕೆ ಹೆದರಿಕೆ ಎಂಬ ಅರ್ಥವೂ ಇತ್ತು. ಕೆಟ್ಟದ್ದು ಆಗಿದೆಯೇನೋ ಎಂಬ ಹೆದರಿಕೆಯಿಂದ ಆಗಿದೆ ಎಂಬ ಗುಮಾನಿಗೆ ಒಂದೇ ಹೆಜ್ಜೆ. ನಮ್ಮ ‘ಶಂಕೆ’ಯೂ ಹಾಗೇ ಅಲ್ವಾ? ಅದರಲ್ಲಿ ಹೆದರಿಕೆಯೂ ಇದೆ, ಗುಮಾನಿಯೂ ಇದೆ. ‘ನಿಶ್ಶಂಕೆಯಿಂದ ಹೋಗು’ ಅಂದರೆ ಅಳುಕಿಲ್ಲದೆ ಹೋಗು ಎಂದರ್ಥ.

ಇಂದಿನ ಫ್ರೆಂಚನ್ನು ನೋಡಿದರೆ ನನಗೆ ಕನ್ನಡವೇ ನೆನಪಾಗುತ್ತದೆ. ಅವರಲ್ಲಿ ‘ದುತೇ’ ಅಂದರೆ ನಂಬಿಕೆ ಇಲ್ಲದಿರುವುದು. ಅದಕ್ಕೇ ‘ಸೆ’ ಎಂಬ ಚಿಕ್ಕ ಪದ ಸೇರಿಸಿ ‘ಸೆ ದುತೇ’ ಎಂದರೆ ಹಾಗಿರಬೇಕು ಎಂದು ಊಹಿಸುವುದು. ಬೇರು ಒಂದೇ, ಒಂದು ಚಿಕ್ಕ ತುಣುಕು ಅರ್ಥವನ್ನು ತಿರುಗಿಸುತ್ತದೆ. ಇಂಗ್ಲಿಷ್ ಮಾತ್ರ ಎರಡು ಕೆಲಸಕ್ಕೆ ಎರಡು ಬೇರೆ ಪದ ಇಟ್ಟುಕೊಂಡಿತು. ಡೌಟ್‌ನಿಂದ ಹಳೆಯ ಅರ್ಥ ಮೆಲ್ಲಗೆ ಜಾರಿ, ಆ ಜಾಗ ಸಸ್ಪೆಕ್ಟ್‌ಗೆ ಸಿಕ್ಕಿತು.

ಡೌಟ್‌ನಲ್ಲಿ ಕೇಳಿಸದ ‘ಬಿ’ ಅಕ್ಷರ ಯಾಕಿದೆ ಎಂದು ತುಂಬ ಜನ ಕೇಳುತ್ತಾರೆ. ಫ್ರೆಂಚಿನಿಂದ ಬಂದಾಗ ಅದು ಇರಲಿಲ್ಲ. ಆಮೇಲಿನ ಪಂಡಿತರು ಲ್ಯಾಟಿನ್ ಬೇರು ಕಾಣಿಸಲಿ ಎಂದು ಸೇರಿಸಿದರು. ಬಾಯಿ ಅದನ್ನು ಒಪ್ಪಲಿಲ್ಲ. ಸಾಲ ಎಂಬ ಅರ್ಥದ ‘ಡೆಟ್’ ಪದದ್ದೂ ಅದೇ ಕಥೆ.

ಈಗ ನಮ್ಮ ‘ಅನುಮಾನ’ದ ಕಡೆ ಬರೋಣ. ಸಂಸ್ಕೃತದ ತರ್ಕಶಾಸ್ತ್ರದಲ್ಲಿ ಅನುಮಾನ ಅಂದರೆ ಶಂಕೆಯೇ ಅಲ್ಲ. ಅದು ತಿಳಿವಳಿಕೆಯ ಒಂದು ದಾರಿ. ನ್ಯಾಯದರ್ಶನ ಒಪ್ಪುವ 4 ಪ್ರಮಾಣಗಳಲ್ಲಿ ಪ್ರತ್ಯಕ್ಷದ ನಂತರ ಬರುವುದೇ ಅದು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ: ಇದು ಅನುಮಾನ. ಎರಡು ಮನಸ್ಸಿಗೆ ಅಲ್ಲಿ ಬೇರೆ ಹೆಸರಿದೆ, ‘ಸಂಶಯ’. ಮಬ್ಬುಗತ್ತಲಲ್ಲಿ ದೂರದಲ್ಲಿ ಏನೋ ನಿಂತಿದೆ, ಅದು ಮರದ ಮೋಟೋ, ಮನುಷ್ಯನೋ? ಇದು ಸಂಶಯಕ್ಕೆ ಅವರು ಕೊಡುವ ಹಳೆಯ ಉದಾಹರಣೆ. ಹಿಂದಿಯಲ್ಲಿ ‘ಅನುಮಾನ್’ ಇಂದಿಗೂ ಅಂದಾಜು ಎಂಬ ಅರ್ಥದಲ್ಲೇ ಇದೆ. ಹವಾಮಾನ ಮುನ್ಸೂಚನೆಗೆ ಅವರು ‘ಪೂರ್ವಾನುಮಾನ್’ ಅನ್ನುತ್ತಾರೆ. ಕನ್ನಡದಲ್ಲಿ, ಹಾಗೇ ತೆಲುಗಿನಲ್ಲಿ, ಅದು ಶಂಕೆಯ ಕಡೆ ಬಂದಿದೆ.

ಈ ಎರಡು ಮುಖ ಹೇಗೆ ಬಂದಿರಬಹುದು ಎಂಬುದಕ್ಕೆ ನನಗೆ ತೋಚುವ ದಾರಿ ಇದು. ಕಣ್ಣಾರೆ ಕಾಣದ್ದನ್ನು ಹೊಗೆ ನೋಡಿ ಊಹಿಸಿದರೆ ‘ಬೆಂಕಿ ಇದೆ ಅಂತ ಅನುಮಾನ’. ಅಲ್ಲಿಂದ ಸಸ್ಪೆಕ್ಟ್‌ನ ಮುಖ. ಬರೀ ಊಹೆ ಮಾತ್ರ, ಕಣ್ಣಿಗೆ ಕಂಡದ್ದಲ್ಲ ಎಂದು ಆ ಊಹೆಯನ್ನೇ ಹಗುರವಾಗಿ ನೋಡಿದರೆ ‘ಬೆಂಕಿ ಇರೋದು ಅನುಮಾನ’. ಅಲ್ಲಿಂದ ಡೌಟ್‌ನ ಮುಖ. ‘ಅಂತ ಅನುಮಾನ’ ಎಂದು ಹೇಳುವಾಗಲೆಲ್ಲ ನಾವು ಗೊತ್ತಿಲ್ಲದೆಯೇ ತರ್ಕಶಾಸ್ತ್ರದ ಹಳೆಯ ಅರ್ಥವನ್ನು ಮುಟ್ಟುತ್ತಿದ್ದೇವೆ.

ಈ ತೊಡಕು ಎಷ್ಟು ಹತ್ತಿರದ್ದು ಎಂಬುದಕ್ಕೆ ಸುದ್ದಿಗಳಲ್ಲಿ ಬರುವಂಥ ಒಂದು ಮಾತು ನೋಡಿ: ‘ಅನುಮಾನದ ಮೇಲೆ ಬಂಧಿಸಿದರು, ಕೊನೆಗೆ ಅನುಮಾನದ ಲಾಭ ಕೊಟ್ಟು ಬಿಟ್ಟರು.’ ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಬಂಧಿಸಿದ್ದು ಸಸ್ಪಿಷನ್ ಮೇಲೆ, ಬಿಟ್ಟದ್ದು ಡೌಟ್‌ನ ಲಾಭ ಕೊಟ್ಟು. ಮೊದಲನೆಯದು ‘ಇವನೇ ಮಾಡಿರಬೇಕು’, ಎರಡನೆಯದು ‘ಇವನೇ ಮಾಡಿದ್ದು ಎಂದು ಹೇಳಲಾಗದು’. ಅನುವಾದ ಮಾಡುವಾಗ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಸಸ್ಪಿಷನ್ ಇದ್ದಲ್ಲಿ ಶಂಕೆ ಅಥವಾ ಗುಮಾನಿ ಬಳಸುತ್ತೇನೆ. ಡೌಟ್ ಇದ್ದಲ್ಲಿ ಸಂಶಯ ಬಳಸುತ್ತೇನೆ. ‘ಶಂಕೆಯ ಮೇಲೆ ಬಂಧಿಸಿದರು, ಸಂಶಯದ ಲಾಭ ಕೊಟ್ಟು ಬಿಟ್ಟರು’ ಅಂದರೆ ಯಾರಿಗೂ ಗೊಂದಲವಿಲ್ಲ. ಗುಮಾನಿ ಪಾರಸಿಯ ‘ಗುಮಾನ್’ನಿಂದ ಬಂದ ಪದ. ಅದು ಸಸ್ಪೆಕ್ಟ್‌ನ ಪಕ್ಕದಲ್ಲೇ ನಿಲ್ಲುತ್ತದೆ. ‘ಅವನು ಬರೋದು ಗುಮಾನಿ’ ಎಂದು ಯಾರೂ ಹೇಳುವುದಿಲ್ಲ, ಗಮನಿಸಿದ್ದೀರಾ? ಅನುಮಾನ ಎರಡೂ ಕಡೆ ಹೋಗುತ್ತದೆ, ಗುಮಾನಿ ಒಂದೇ ಕಡೆ. ಬರೆಯುವವರಿಗೆ ಇದು ತುಂಬ ಉಪಯೋಗದ ಪದ.

ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗಲೂ ಇದೇ ಹಳ್ಳ ಕಾದಿರುತ್ತದೆ. ‘ದಿ ಪೊಲೀಸ್ ಡೌಟ್ ದಟ್ ಹಿ ಹ್ಯಾಸ್ ಲೆಫ್ಟ್ ದಿ ಸಿಟಿ’ ಎಂಬುದನ್ನು ಅವಸರದಲ್ಲಿ ‘ಅವನು ನಗರ ಬಿಟ್ಟಿದ್ದಾನೆ ಎಂದು ಪೊಲೀಸರಿಗೆ ಅನುಮಾನ’ ಎಂದು ಬರೆದರೆ ಸುದ್ದಿ ತಿರುಗುಮುರುಗು. ಬರೆಯಬೇಕಾದದ್ದು ‘ಅವನು ನಗರ ಬಿಟ್ಟಿರುವುದು ಅನುಮಾನ ಎನ್ನುತ್ತಾರೆ ಪೊಲೀಸರು’ ಎಂದು. ಇನ್ನೂ ಸರಳವಾಗಿ ‘ಬಿಟ್ಟಿರಲಿಕ್ಕಿಲ್ಲ’ ಅಂದರೂ ಆಯಿತು. ಡೌಟ್ ಕಂಡಲ್ಲೆಲ್ಲ ಅನುಮಾನವನ್ನೇ ತರಬೇಕೆಂಬ ಹಟ ಬೇಡ. ‘ಐ ಡೌಟ್ ಇಟ್’ ಎಂಬ ಚಿಕ್ಕ ಮಾತಿಗೆ ‘ನನಗೇನೋ ಹಾಗನ್ನಿಸಲ್ಲ’ ಎಂಬುದಕ್ಕಿಂತ ಒಳ್ಳೆಯ ಕನ್ನಡ ನನಗೆ ಸಿಕ್ಕಿಲ್ಲ.

ಬರೆಯುವ ಮುಂಚೆ ಮಾಡುವ ಒಂದು ಪರೀಕ್ಷೆ ಹೇಳುತ್ತೇನೆ, ಒಂದು ಕ್ಷಣದ ಕೆಲಸ. ನಿಮ್ಮ ವಾಕ್ಯದಲ್ಲಿ ‘ಐ ಡೌಟ್’ ತೆಗೆದು ‘ಐ ಡೋಂಟ್ ಥಿಂಕ್’ ಹಾಕಿ ನೋಡಿ. ನಿಮ್ಮ ಮನಸ್ಸಿನ ಮಾತು ಹಾಗೇ ಉಳಿದರೆ ಡೌಟ್ ಸರಿ. ಮಾತು ಉಲ್ಟಾ ಹೊಡೆದರೆ ನಿಮಗೆ ಬೇಕಾದದ್ದು ಸಸ್ಪೆಕ್ಟ್. ನಿಮ್ಮ ಮೇಲ್‌ಗೆ ಇದನ್ನು ಹಚ್ಚಿ ನೋಡಿ, ‘ಎಂಟ್ರಿ ಬದಲಾಯಿತು ಅಂತ ನನಗನ್ನಿಸಲ್ಲ’ ಎಂದು ಬರುತ್ತದೆ. ಮ್ಯಾನೇಜರ್ ಓದಿದ್ದು ಅದನ್ನೇ.

ಹಾಗಂತ ಇನ್ನು ಮುಂದೆ ಎಲ್ಲ ಕಡೆ ‘ಸಸ್ಪೆಕ್ಟ್’ ಹಾಕಿಬಿಡಿ ಎಂದು ನಾನು ಹೇಳುವುದಿಲ್ಲ. ಅದಕ್ಕೂ ಒಂದು ಚೂಪು ಇದೆ. ‘ಐ ಸಸ್ಪೆಕ್ಟ್ ದಟ್’ ಎಂದು ಒಂದು ಸಂಗತಿಯ ಬಗ್ಗೆ ಬರೆದರೆ ಅದು ಮೃದುವಾಗಿರುತ್ತದೆ. ‘ಐ ಸಸ್ಪೆಕ್ಟ್ ಯು ಆರ್ ರೈಟ್’ ಎಂದು ಯಾರಾದರೂ ಬರೆದರೆ ಗಾಬರಿ ಬೇಡ. ‘ನೀವು ಹೇಳಿದ್ದೇ ಸರಿ ಇರಬೇಕು’ ಎಂದಷ್ಟೇ ಅದರ ಅರ್ಥ. ಆದರೆ ‘ಐ ಸಸ್ಪೆಕ್ಟ್ ಹಿಮ್’ ಎಂದು ಮನುಷ್ಯನನ್ನೇ ಮುಂದೆ ನಿಲ್ಲಿಸಿದರೆ ಅದು ನೇರ ಆರೋಪ. ಲೆಕ್ಕಪತ್ರದ ವಿಷಯದಲ್ಲಿ, ಅದೂ ಬರವಣಿಗೆಯಲ್ಲಿ, ಅದು ಭಾರವಾದ ಮಾತು. ಇಲ್ಲೂ ಡೌಟ್ ಬೇರೆಯೇ ಹೇಳುತ್ತದೆ. ‘ಐ ಡೌಟ್ ಹಿಮ್’ ಅಂದರೆ ಅವನ ಮಾತಿನಲ್ಲಿ ನಂಬಿಕೆ ಇಲ್ಲ ಎಂದು. ಅವನು ಕದ್ದ ಎಂದಲ್ಲ. ನಮ್ಮ ‘ಅವನ ಮೇಲೆ ಡೌಟು’ ಹೇಳುವುದು ಸಸ್ಪೆಕ್ಟ್ ಅನ್ನು.

ಕೆಲಸದ ಮೇಲ್‌ಗಳಲ್ಲಿ ನಾನು ಜಾಸ್ತಿ ಇಷ್ಟಪಡುವುದು ಎರಡೂ ಪದ ಬಿಟ್ಟು ಕಂಡದ್ದನ್ನು ಹೇಳುವುದು. ‘ಇಟ್ ಲುಕ್ಸ್ ಆ್ಯಸ್ ಇಫ್ ದಿಸ್ ಎಂಟ್ರಿ ವಾಸ್ ಚೇಂಜ್ಡ್’, ಅಂದರೆ ಬದಲಾದ ಹಾಗೆ ಕಾಣುತ್ತಿದೆ. ಯಾರ ಮೇಲೂ ಬೆರಳು ತೋರಿಸಿದಂತಾಗಲಿಲ್ಲ, ಅರ್ಥವೂ ತಿರುಗಲಿಲ್ಲ. ನಿಮಗೇ ಎರಡು ಮನಸ್ಸಿದ್ದರೆ ‘ಐ ಆ್ಯಮ್ ನಾಟ್ ಶೂರ್ ವೆದರ್’ ಎಂದು ಬರೆಯಿರಿ. ಇದು ನಮ್ಮ ‘ಬದಲಾಗಿದೆಯೋ ಇಲ್ಲವೋ’ಗೆ ಸರಿಸಾಟಿ. ಆದರೆ ಇದರ ಅಪಾಯವನ್ನೂ ಹೇಳಬೇಕು. ನಿಮಗೆ ಸಾಕಷ್ಟು ಖಚಿತವಿದ್ದಾಗಲೂ ಸಂಕೋಚಕ್ಕೆ ಇದನ್ನು ಬಳಸಿದರೆ ಓದುವವರು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಎಂಟ್ರಿಯ ಹಳೆಯ ಮೊತ್ತ, ಹೊಸ ಮೊತ್ತ ಎರಡೂ ಕೈಯಲ್ಲಿದ್ದರೆ ಸಂಕೋಚ ಯಾಕೆ?

‘ಐ ಹ್ಯಾವ್ ಎ ಡೌಟ್’ ವಿಷಯಕ್ಕೆ ಬರುತ್ತೇನೆ. ಅದು ತಪ್ಪು ಎಂದು ನಿಮ್ಮ ಸಹೋದ್ಯೋಗಿ ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಭಾರತದ ಇಂಗ್ಲಿಷಿನಲ್ಲಿ ಪ್ರಶ್ನೆಗೆ ಡೌಟ್ ಅನ್ನುವುದು ಬೇರೂರಿದ ಬಳಕೆ. ಸ್ಪ್ಯಾನಿಷ್ ಮಾತಾಡುವವರು ಕೂಡ ತಮ್ಮ ಭಾಷೆಯಲ್ಲಿ ಪ್ರಶ್ನೆ ಕೇಳುವಾಗ ‘ದೂದಾ’ ಅನ್ನುತ್ತಾರೆ, ಅದೂ ಡೌಟ್‌ನ ಅಕ್ಕತಂಗಿಯೇ. ಪಾಠ ಕೇಳುವಾಗ ಎರಡರ ನಡುವೆ ಸಿಕ್ಕಿಕೊಂಡ ಮನಸ್ಸು ಪರಿಹಾರ ಕೇಳುತ್ತದೆ, ನಾವು ಸಂದೇಹ ನಿವಾರಣೆ ಎಂದು ಹೇಳುವುದೂ ಅದಕ್ಕೇ. ನಮ್ಮವರ ನಡುವೆ ಅದನ್ನು ಧಾರಾಳವಾಗಿ ಬಳಸಿ.

ಹೊರಗಿನವರ ಜೊತೆ ಮಾತ್ರ ಜಾಗ್ರತೆ. ಅವರ ಕಿವಿಗೆ ‘ಐ ಹ್ಯಾವ್ ಸಮ್ ಡೌಟ್ಸ್ ಅಬೌಟ್ ಯುವರ್ ಪ್ಲಾನ್’ ಅಂದರೆ ‘ನಿಮ್ಮ ಯೋಜನೆಯಲ್ಲಿ ನನಗೆ ನಂಬಿಕೆ ಸಾಲದು’ ಎಂದು. ‘ಐ ಹ್ಯಾವ್ ಮೈ ಡೌಟ್ಸ್’ ಅಂತೂ ಒಪ್ಪಿಗೆ ಇಲ್ಲ ಎಂಬುದನ್ನು ಮರ್ಯಾದೆಯಿಂದ ಹೇಳುವ ಮಾತು. ನೀವು ಕಲಿಯುವ ಆಸೆಯಿಂದ ಕೇಳಿದರೆ ಅವರು ಸವಾಲು ಎಂದು ತಿಳಿಯಬಹುದು. ಕೆಲವರ ಮುಖ ಒಮ್ಮೆಗೇ ಬಿಗಿಯಾಗುವುದನ್ನು ನಾನು ಸಭೆಗಳಲ್ಲಿ ಕಂಡಿದ್ದೇನೆ. ಕೇಳಿದವರಿಗೆ ಯಾಕೆ ಅಂತಲೇ ಗೊತ್ತಾಗುವುದಿಲ್ಲ, ಅದೇ ಬೇಜಾರಿನ ಸಂಗತಿ. ಅಂಥ ಕಡೆ ‘ಕ್ವೆಶ್ಚನ್’ ಅಂದುಬಿಡಿ. ‘ಐ ಹ್ಯಾವ್ ಎ ಕ್ವೆಶ್ಚನ್ ಅಬೌಟ್ ಯುವರ್ ಪ್ಲಾನ್.’ ಅಷ್ಟೇ ಬದಲಾವಣೆ ಸಾಕು.

‘ನೋ ಡೌಟ್’ ಬಗ್ಗೆ ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ಇದರಲ್ಲಿ ಎಡವಿದವರಿಗೆ ಎಡವಿದ್ದೇ ಗೊತ್ತಾಗುವುದಿಲ್ಲ. ‘ದೇರ್ ಈಸ್ ನೋ ಡೌಟ್ ದಟ್’ ಎಂದು ಪೂರ್ತಿ ಬರೆದರೆ ಖಂಡಿತ, ನಿಸ್ಸಂಶಯ. ಆದರೆ ‘ನೋ ಡೌಟ್ ಹಿ ವಿಲ್ ಕಾಲ್ ಟುಮಾರೋ’ ಎಂಬಲ್ಲಿ ಅಷ್ಟು ಗಟ್ಟಿತನ ಇಲ್ಲ. ‘ನಾಳೆ ಹೇಗೂ ಫೋನ್ ಮಾಡಬಹುದು’ ಎಂಬ ಅಂದಾಜು ಮಾತ್ರ. ಎಷ್ಟೋ ಸಲ ಅದು ‘ಬಹುಶಃ’ಕ್ಕಿಂತ ಸ್ವಲ್ಪ ಮೇಲೆ, ‘ಖಂಡಿತ’ಕ್ಕಿಂತ ಸ್ವಲ್ಪ ಕೆಳಗೆ. ‘ಡೌಟ್‌ಲೆಸ್’ ಕೂಡ ಹಾಗೇ. ಪೂರ್ತಿ ಖಂಡಿತ ಹೇಳಬೇಕಿದ್ದರೆ ‘ವಿದೌಟ್ ಡೌಟ್’ ಅಥವಾ ‘ಅನ್‌ಡೌಟೆಡ್ಲಿ’ ಇವೆ. ಇನ್ನು ‘ನೋ ಡೌಟ್’ ಆದಮೇಲೆ ‘ಬಟ್’ ಬಂದರೆ ನಿಜವಾದ ಮಾತು ಆ ‘ಬಟ್’ ಆದಮೇಲೆ ಇದೆ ಎಂದು ತಿಳಿಯಿರಿ. ‘ನೋ ಡೌಟ್ ಯು ವರ್ಕ್ಡ್ ಹಾರ್ಡ್, ಬಟ್...’ ಅಂದರೆ ‘ನೀವು ಕಷ್ಟಪಟ್ಟಿದ್ದು ನಿಜ, ಆದರೆ...’ ಎಂದು. ಹೊಗಳಿಕೆ ಎಂದು ಹಿಗ್ಗಿ ಅಲ್ಲಿಗೇ ಓದು ನಿಲ್ಲಿಸಬಾರದು.

ಹತ್ತಿರದ ಇನ್ನೆರಡು ಪದಗಳನ್ನು ಬೇಗ ಮುಗಿಸುತ್ತೇನೆ. ‘ಡೌಟ್‌ಫುಲ್’ ಅಂದರೆ ಸುಮ್ನೆ ಖಚಿತವಿಲ್ಲದ್ದು. ‘ಡ್ಯೂಬಿಯಸ್’ ಎಂಬುದಕ್ಕೆ ಒಂದು ಕೊಳೆ ಅಂಟಿಕೊಂಡಿದೆ. ‘ಡ್ಯೂಬಿಯಸ್ ಬಿಲ್’ ಅಂದರೆ ನಮ್ಮ ‘ಸರಿ ಕಾಣದ ಬಿಲ್ಲು’. ಯಾರದೋ ಬಿಲ್ಲನ್ನು ಹಾಗೆ ಕರೆಯುವ ಮುಂಚೆ ಎರಡು ಸಲ ಯೋಚಿಸಿ. ‘ಡೌಟಿಂಗ್ ಥಾಮಸ್’ ಎಂಬುದನ್ನು ಕೆಲವರು ಸಂಶಯ ಪಿಶಾಚಿ ಎಂದು ಅನುವಾದಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ಯೇಸುವಿನ ಶಿಷ್ಯ ತೋಮ ಯಾರ ಮೇಲೂ ಗುಮಾನಿ ಪಟ್ಟವನಲ್ಲ. ಯೇಸು ಎದ್ದು ಬಂದಿದ್ದಾನೆ ಎಂಬುದನ್ನು ಗಾಯದ ಗುರುತು ಕಾಣದೆ ನಂಬಲಾರೆ ಅಂದವನು. ಅವನದು ಡೌಟ್. ಸಂಶಯ ಪಿಶಾಚಿಯದು ಸಸ್ಪಿಷನ್. ಅಲ್ಲೂ ಅದೇ ಗೆರೆ.

ಉಚ್ಚಾರದಲ್ಲಿ ಒಂದು ಗಮನಿಸಿ. ಕ್ರಿಯಾಪದವಾಗಿ ಸಸ್ಪೆಕ್ಟ್ ಅನ್ನುವಾಗ ಒತ್ತು ‘ಪೆಕ್ಟ್’ ಮೇಲೆ. ಶಂಕಿತ ವ್ಯಕ್ತಿ ಎಂಬ ಅರ್ಥದಲ್ಲಿ ಒತ್ತು ಮೊದಲ ‘ಸಸ್’ ಮೇಲೆ.

ಈಗ ನಿಮ್ಮ ಮ್ಯಾನೇಜರ್. ನಿಮ್ಮ ಮುಂದೆ ಮೂರು ದಾರಿ ಇವೆ. ಏನೂ ಬರೆಯದೆ ಸುಮ್ಮನಿರುವುದು ಸುಲಭ. ಆದರೆ ನಾಳೆ ಲೆಕ್ಕ ತಪಾಸಣೆಯಲ್ಲಿ ಎಂಟ್ರಿ ಬದಲಾದದ್ದು ಹೊರಬಂದರೆ ‘ಬದಲಾಗಿರಲಿಕ್ಕಿಲ್ಲ’ ಎಂದು ಬರೆದವರು ನೀವು ಎಂದಾಗುತ್ತದೆ. ಹಾಗಾಗಿ ಈ ದಾರಿ ಬೇಡವೇ ಬೇಡ. ಎರಡನೆಯದು, ಹಳೆಯ ಮೇಲ್ ಬಗ್ಗೆ ಏನೂ ಹೇಳದೆ ಹೊಸದಾಗಿ ವಿಷಯ ಎತ್ತುವುದು. ಆಗ ಎರಡು ಮೇಲ್‌ಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ, ನೀವು ಮಾತು ಬದಲಿಸಿದ ಹಾಗೆ ಕಾಣುತ್ತದೆ. ಮೂರನೆಯದು, ಪದ ತಪ್ಪಾಯಿತು ಎಂದು ಒಂದೇ ಸಾಲಿನಲ್ಲಿ ಹೇಳಿ ವಿಷಯಕ್ಕೆ ಬರುವುದು. ನಾನು ಇದನ್ನೇ ಹೇಳುವುದು. ಉದ್ದದ ಕ್ಷಮೆ ಬೇಡ, ನಿಮ್ಮ ಇಂಗ್ಲಿಷ್ ಬಗ್ಗೆ ವಿವರಣೆಯೂ ಬೇಡ. ಅದೇ ಹಳೆಯ ಮೇಲ್‌ಗೆ ಉತ್ತರವಾಗಿ ಬರೆಯಿರಿ, ಆಗ ಹಿಂದಿನದೂ ಮುಂದಿನದೂ ಒಟ್ಟಿಗೆ ಇರುತ್ತವೆ. ಮಾತು ಹೀಗಿರಲಿ:

‘ಐ ಯೂಸ್ಡ್ ದಿ ರಾಂಗ್ ವರ್ಡ್ ಇನ್ ಮೈ ಲಾಸ್ಟ್ ಮೇಲ್. ಐ ಮೆಂಟ್ ದಟ್ ದಿಸ್ ಎಂಟ್ರಿ ಅಪಿಯರ್ಸ್ ಟು ಹ್ಯಾವ್ ಬೀನ್ ಚೇಂಜ್ಡ್ ಆಫ್ಟರ್ ಕ್ಲೋಸಿಂಗ್. ದಿ ಡೀಟೇಲ್ಸ್ ಆರ್ ಬಿಲೋ.’

ಅಂದರೆ: ಹಿಂದಿನ ಮೇಲ್‌ನಲ್ಲಿ ತಪ್ಪು ಪದ ಬಳಸಿದ್ದೆ. ಲೆಕ್ಕ ಮುಗಿಸಿದ ಮೇಲೆ ಈ ಎಂಟ್ರಿ ಬದಲಾದ ಹಾಗೆ ಕಾಣುತ್ತಿದೆ ಎಂಬುದು ನನ್ನ ಮಾತು. ವಿವರ ಕೆಳಗಿದೆ.

ಅದರ ಕೆಳಗೆ ಎಂಟ್ರಿಯ ನಂಬರ್, ಮೊದಲಿನ ಮೊತ್ತ, ಈಗಿನ ಮೊತ್ತ, ನೀವು ನೋಡಿದ ದಿನ ಹಾಕಿ. ಯಾರು ಬದಲಾಯಿಸಿರಬಹುದು ಎಂದು ನಿಮ್ಮ ಮನಸ್ಸಿನಲ್ಲಿ ಯಾರದ್ದಾದರೂ ಹೆಸರಿದ್ದರೆ ಅದನ್ನು ಬರೆಯಬೇಡಿ. ಸಿಸ್ಟಮ್‌ನಲ್ಲಿ ಬದಲಾವಣೆಯ ದಾಖಲೆ ಇದ್ದರೆ ಅವರೇ ನೋಡಿಕೊಳ್ಳಲಿ. ಮೇಲ್ ಇವತ್ತೇ ಕಳಿಸಿ, ಮುಂದಿನ ತಿಂಗಳ ಲೆಕ್ಕ ಶುರುವಾಗುವ ಮುಂಚೆ ಅವರ ಕೈಗೆ ಸಿಗಲಿ.